ಹುಳಿ ಹುಡುಕಿ ಬಂದವರು

ಮೂವತ್ತೊಂದು ವರ್ಷ ಕೆಂಪು ಶಾಯಿ ನನ್ನ ಕೈಯಲ್ಲಿ.
ಹ್ರಸ್ವವನ್ನು ದೀರ್ಘಕ್ಕೆ ಎಳೆದವರನ್ನು,
ಳಕಾರಕ್ಕೆ ಲಕಾರ ಇಟ್ಟವರನ್ನು
ಬೆಂಚಿನ ಮೇಲೆ ನಿಲ್ಲಿಸಿದವಳು ನಾನು.
ನಿವೃತ್ತಿಯಾದ ಮೇಲೆ ಕಾಚಂಪುಳಿ ಕುದಿಸುತ್ತೇನೆ,
ವಿರಾಜಪೇಟೆಯಿಂದ ಅಮ್ಮತ್ತಿ ಕಡೆಗೆ ಹೋಗುವ ದಾರಿ,
ಎರಡನೇ ತಿರುವು, ಹಸಿರು ಗೇಟು.

ಗೇಟಿನ ಬಣ್ಣ ಯಾಕೆ ಹೇಳಿದೆನೆಂದರೆ
ನಮ್ಮ ವೆಬ್‌ಸೈಟಿನಲ್ಲಿ ಅದು ಇರಲಿಲ್ಲ.
ಇದ್ದದ್ದು ಮಂಜು.
ಮೈದುನ ಚಂಗಪ್ಪ ಹಾಕಿಸಿದ್ದ ಮಂಜು, ಪರದೆ ತುಂಬ,
ಮಂಜಿನ ಹಿಂದೆ ಬೆಟ್ಟ,
ಬೆಟ್ಟದ ಹಿಂದೆ ಕೇಳದೆಯೇ ಶುರುವಾಗುವ ವಾಲಗ,
‘ಪ್ರಕೃತಿಯ ಮಡಿಲಿನಿಂದ ನಿಮ್ಮ ಮಡಿಲಿಗೆ’ ಎಂಬ ಸಾಲು.
ಏನು ಮಾರುತ್ತೇವೆಂದು ಮಾತ್ರ ಎಲ್ಲೂ ಇಲ್ಲ.
ನಕ್ಷೆಯ ಸೂಜಿ ಪಕ್ಕದವರ ಕೆರೆಯ ನಡುವೆ;
ಹಾಸನದವರೊಬ್ಬರು ಅಲ್ಲಿಯವರೆಗೂ ಹೋಗಿ
ಬಾತುಕೋಳಿ ನೋಡಿ ವಾಪಸಾದರಂತೆ.

ಗಡಿಯಾರ ಕಂಬದ ಹತ್ತಿರ ಜೆರಾಕ್ಸ್ ಅಂಗಡಿಯ ಸಫ್ರೀನಾ,
ಏಳನೇ ಕ್ಲಾಸಿನಲ್ಲಿ ನನ್ನಿಂದ ಪೆಟ್ಟು ತಿಂದವಳು,
ತನ್ನ ಮೊಬೈಲಿನಲ್ಲಿ ತೆರೆದಳು.
ಚಕ್ರ ತಿರುಗಿತು. ತಿರುಗಿತು.
ಯಾರದೋ ಆಧಾರ್ ಕಾರ್ಡಿನ ಎರಡೂ ಬದಿ ಜೆರಾಕ್ಸ್ ತೆಗೆದು
ಚಿಲ್ಲರೆ ಎಣಿಸಿ ಕೊಟ್ಟಳು. ಇನ್ನೂ ತಿರುಗುತ್ತಿತ್ತು.
“ಟೀಚರ್, ಇಷ್ಟು ಹೊತ್ತಿಗೆ ಗಿರಾಕಿ
ವಿನೆಗರ್ ತಂದು ಅಡುಗೆ ಮುಗಿಸಿರ್ತಾನೆ.”

ಮಂಜು ತೆಗೆದಳು. ವಾಲಗ ತೆಗೆದಳು.
ಮಡಿಲು ಎರಡನ್ನೂ ತೆಗೆದಳು.
ನನಗೇನೂ ಹೊಸದೆನಿಸಲಿಲ್ಲ:
ಕಕ್ಕಡದಲ್ಲಿ ಉದುರಿದ ಪಣಪುಳಿ
ಮಂಕರಿಯಲ್ಲಿ ಮೆತ್ತಗಾಗಿ ರಸ ಸೋರಿ,
ಹತ್ತು ಕೊಡ ಒಂದು ಪಾತ್ರೆಯಾಗಿ ಕಪ್ಪಗಾಗುವುದು
ಹೀಗೇ ಅಲ್ಲವೇ,
ಹೋಗಬೇಕಾದ್ದು ಹೋಗುವವರೆಗೆ ಒಲೆ ಮುಂದೆ ಕೂತು.

ಸೀಸೆಯ ಚಿತ್ರಕ್ಕೆ ಹೆಸರಿನ ಬದಲು ಬರೀ ಅಂಕಿಗಳಿದ್ದವು.
“ಕಣ್ಣು ಕಾಣದವರಿಗೆ ಫೋನು ಇದನ್ನೇ ಓದಿ ಹೇಳ್ತದೆ ಟೀಚರ್.
ಹುಡುಕುವ ಯಂತ್ರಕ್ಕೂ ಅಂಥಾ ಕಣ್ಣೇನಿಲ್ಲ.”
ಬರೆದೆ: ಗಾಜಿನ ಸೀಸೆ, ಕಾಲು ಲೀಟರು,
ಒಳಗೆ ಬೆಲ್ಲದ ಪಾಕಕ್ಕಿಂತ ಕಪ್ಪು ಹುಳಿ,
ಓರೆ ಮಾಡಿದರೆ ನಿಧಾನಕ್ಕೆ ಹರಿಯುತ್ತದೆ.
ಇಷ್ಟು ವರ್ಷ ಕುದಿಸಿಯೂ
ಅದನ್ನು ಸರಿಯಾಗಿ ನೋಡಿದ್ದು ಅವತ್ತೇ.

ಆಮೇಲೆ ಪಟ್ಟಿ ತೋರಿಸಿದಳು,
ಜನ ಏನೇನು ಬರೆದು ಹುಡುಕುತ್ತಾರೆ ಎಂಬುದರ ಪಟ್ಟಿ.
ಕಾಚಂಪುಲಿ.
ಕಚ್ಚಂಪುಳ್ಳಿ ಬೆಲೆ.
ಪಂದಿ ಕರಿಗೆ ಹಾಕುವ ಕಪ್ಪು ನೀರು.
ಕೂರ್ಗ್ ಹುಳಿ ಕೆಡುತ್ತಾ.
ಅಜ್ಜಿ ಮನೇಲಿ ಹಾಕ್ತಿದ್ರಲ್ಲ ಆ ಹುಳಿ ಹೆಸರೇನು.
ನನ್ನ ಕೈ ಪೆನ್ನು ಹುಡುಕಿತು.
“ತಿದ್ದಬೇಡಿ. ಅವರು ಕರೆಯೋ ಹೆಸರಿಗೆ ಓಗೊಡಿ.”

ಎರಡು ರಾತ್ರಿ ನಿದ್ದೆ ಬರಲಿಲ್ಲ.
ಮೂರನೆಯ ದಿನ ಕೈಯಾರೆ ಬರೆದೆ:
ಕಾಚಂಪುಳಿ; ಕೆಲವರು ಕಾಚಂಪುಲಿ ಎನ್ನುತ್ತಾರೆ.
‘ಕೆಲವರು’ ಎಂಬಲ್ಲಿ ಮೂವತ್ತೊಂದು ಬ್ಯಾಚು ನಿಂತಿತ್ತು,
ಬೆಂಚಿನಿಂದ ಇಳಿದು.

ಚಂಗಪ್ಪನಿಗೆ ಸಿಟ್ಟು ಬಂದದ್ದು ಮಂಜಿಗಲ್ಲ, ಒಂದು ನಕ್ಷತ್ರಕ್ಕೆ.
ಐದರಲ್ಲಿ ಒಂದೇ ಕೊಟ್ಟು ಯಾರೋ ಬರೆದಿದ್ದರು: ಹುಳಿ ತುಂಬಾ ಹುಳಿ.
ನೆಂಟರಿಗೆ ಹೇಳಿ ಹತ್ತು ಒಳ್ಳೆ ಮಾತು ಬರೆಸೋಣ ಎಂದ.
ನಾನು ಉತ್ತರ ಬರೆದೆ: ಅರ್ಧ ಕೆಜಿ ಮಾಂಸಕ್ಕೆ ಒಂದೇ ಚಮಚ,
ಒಲೆ ಆರಿಸುವ ಮುಂಚೆ. ಇನ್ನೊಮ್ಮೆ ಮಾಡಿ ನೋಡಿ.

ಆರು ತಿಂಗಳಾದರೂ ಮೊದಲ ಪುಟಕ್ಕೆ ಬಂದಿಲ್ಲ,
ಎರಡನೆಯದರಲ್ಲಿ, ಕೆಳಗೆಲ್ಲೋ ಇದ್ದೇವೆ.
ಮೊನ್ನೆ ಅಮ್ಮತ್ತಿಯಿಂದ ಫೋನು.
ಮೈಸೂರಿನಿಂದ ತರಿಸುತ್ತಿದ್ದರಂತೆ.
“ಹಸಿರು ಗೇಟು ಅಲ್ವಾ? ದಿನಾ ನೋಡ್ತೀನಿ.”

ಭಾನುವಾರ ಬೆಳಿಗ್ಗೆ ಪಟ್ಟಿಯನ್ನು ಹಾಜರಿಯಂತೆ ಓದುತ್ತೇನೆ.
ಒಂದು ಪ್ರಶ್ನೆ ವಾರವಾರವೂ ಬರುತ್ತಿತ್ತು:
ಬಟ್ಟೆ ಮೇಲೆ ಕಾಚಂಪುಲಿ ಕಲೆ ಹೋಗೋದು ಹೇಗೆ.
ನಿಂಬೆ, ಸೋಡಾ, ಬಿಸಿಲು, ಎಲ್ಲ ಮಾಡಿದ್ದೇನೆ;
ಕೆನೆಬಣ್ಣದ ಸೀರೆಯ ಹಿಂದಿನ ನೆರಿಗೆ ಸಾಕ್ಷಿ.
ಹೋಗುವುದಿಲ್ಲ, ಎಂದು ಬರೆದೆ. ಸೀರೆಯ ಚಿತ್ರವನ್ನೂ ಹಾಕಿದೆ.

ಸಫ್ರೀನಾ ಹೇಳುತ್ತಾಳೆ,
ಹೆಚ್ಚು ಜನ ಬಂದು ಹೆಚ್ಚು ಹೊತ್ತು ನಿಲ್ಲುವುದು
ಆ ಪುಟದಲ್ಲೇ ಅಂತೆ.